ಸೈಬರ್‌ಶೆಫ್‌ನ ‘ಎಸ್ಕೇಪ್ ಸ್ಟ್ರಿಂಗ್’: ದಿನಾ ಬಳಸುವವರ ಕಣ್ಣಲ್ಲಿ

ಕೋಡ್ ಒಳಗೆ ಹಾಕುವ ಪಠ್ಯದಲ್ಲಿ (ಸ್ಟ್ರಿಂಗ್) ಕೋಟ್‌ನಂಥ ವಿಶೇಷ ಚಿಹ್ನೆ ಇದ್ದರೆ ಗೊಂದಲ ಆಗದಂತೆ ಅದಕ್ಕೆ ಮೊದಲು ಬ್ಯಾಕ್‌ಸ್ಲ್ಯಾಷ್ (\) ಸೇರಿಸುವುದನ್ನು ‘ಎಸ್ಕೇಪ್’ ಮಾಡುವುದು ಅನ್ನುತ್ತಾರೆ. ಇದನ್ನು ಮಾಡಿಕೊಡುವ ಪುಟಗಳು ಹುಡುಕಿದರೆ ನೂರೆಂಟು ಸಿಗುತ್ತವೆ. ನಾನು ಕೆಲವು ವರ್ಷಗಳಿಂದ ಸೈಬರ್‌ಶೆಫ್‌ ಒಂದನ್ನೇ ಬಳಸುತ್ತಿದ್ದೇನೆ. ಬ್ರಿಟನ್ನಿನ ಗುಪ್ತಚರ ಸಂಸ್ಥೆ ಜಿಸಿಎಚ್‌ಕ್ಯೂ 2016ರಲ್ಲಿ ಓಪನ್ ಸೋರ್ಸ್ ಮಾಡಿದ ಟೂಲ್ ಇದು. ಗುಪ್ತಚರರ ಸಾಮಾನು ಅಂತ ಹೆದರಬೇಕಿಲ್ಲ. ಕೆಲಸವೆಲ್ಲ ನಮ್ಮ ಬ್ರೌಸರ್ ಒಳಗೇ ನಡೆಯುತ್ತದೆ, ಹಾಕಿದ ಪಠ್ಯ ಸರ್ವರ್‌ಗೆ ಹೋಗುವುದಿಲ್ಲ. ಆದರೂ ಅನುಮಾನ ಇದ್ದರೆ ಜಿಪ್ ಇಳಿಸಿಕೊಂಡು ನೆಟ್ ಇಲ್ಲದೆಯೇ ಓಡಿಸಿ. ಕ್ಲೈಂಟ್ ಡೇಟಾ ಇದ್ದಾಗ ನಾನು ಮಾಡುವುದೂ ಅದನ್ನೇ.

ಬಳಸುವುದು ಸುಲಭ. ಪಟ್ಟಿಯಿಂದ ‘ಎಸ್ಕೇಪ್ ಸ್ಟ್ರಿಂಗ್’ ಎಳೆದು ‘ರೆಸಿಪಿ’ಗೆ ಹಾಕಿ, ಪಠ್ಯ ಪೇಸ್ಟ್ ಮಾಡಿದರೆ ಮುಗಿಯಿತು. \ ಇದ್ದ ಕಡೆ \\ ಆಗುತ್ತದೆ. ಕೋಟ್ ವಿಷಯದಲ್ಲಿ ಮಾತ್ರ ಸ್ವಲ್ಪ ಹುಷಾರಾಗಿರಬೇಕು. ಮೊದಲೇ ಆರಿಸಿಟ್ಟಿರುವುದು ಸಿಂಗಲ್ ಕೋಟ್. ಪ್ರೋಗ್ರಾಂಗಳು ಡೇಟಾ ಹಂಚಿಕೊಳ್ಳಲು ಬಳಸುವ ಜೇಸನ್‌ನಲ್ಲಿ \' ನಡೆಯುವುದೇ ಇಲ್ಲ, ಅದನ್ನು ಓದುವ ಪಾರ್ಸರ್ ಎರರ್ ಕೊಡುತ್ತದೆ. ಹಾಗಾಗಿ ‘ಜೇಸನ್ ಕಂಪ್ಯಾಟಿಬಲ್’ ಟಿಕ್ ಮಾಡಿಕೊಳ್ಳಿ.

ಕನ್ನಡ ಪಠ್ಯ ಹಾಕುವವರು ‘ಎಸ್ಕೇಪ್ ಲೆವೆಲ್’ ಕೂಡ ನೋಡಬೇಕು. ಇದ್ದ ಹಾಗೇ ಬಿಟ್ಟರೆ ಒಂದೊಂದು ಕನ್ನಡ ಸಂಕೇತವೂ (ಅಕ್ಷರ, ಸ್ವರಚಿಹ್ನೆ, ‘್’ ಎಲ್ಲ ಬೇರೆ ಬೇರೆ) \u0c95 ಥರದ ಆರು ಅಕ್ಷರದ ಕೋಡ್ ಆಗುತ್ತದೆ. ‘ಕನ್ನಡ’ ಅನ್ನುವ ಪದದಲ್ಲಿ ಇರುವುದು ಐದು ಸಂಕೇತ, ಹೊರಗೆ ಬರುವುದು 30 ಅಕ್ಷರ! ಜಾವಾ 9ಕ್ಕಿಂತ ಹಳೆಯ ಪ್ರಾಪರ್ಟೀಸ್ ಫೈಲ್‌ಗಳಿಗೆ ಇದು ಬೇಕೇ ಬೇಕಿತ್ತು. ಕನ್ನಡವನ್ನು ನೇರವಾಗಿ ಇಡಬಲ್ಲ ಯುಟಿಎಫ್-8 ಎನ್‌ಕೋಡಿಂಗ್ ಇರುವ ಕಡೆ ಸುಮ್ನೆ ‘ಮಿನಿಮಲ್’ ಆರಿಸಿ, ಕನ್ನಡ ಕನ್ನಡವಾಗಿಯೇ ಉಳಿಯುತ್ತದೆ.

ಆದರೆ ನನಗೆ ಈ ಟೂಲ್ ಜಾಸ್ತಿ ಉಪಯೋಗಕ್ಕೆ ಬಂದಿರುವುದು ಆ ಉದ್ದದ ಕೋಡ್‌ನಿಂದಲೇ. ಒಂದು ಎಕ್ಸೆಲ್ ಫೈಲ್‌ನಿಂದ ಬಂದ ಊರಿನ ಪಟ್ಟಿಯಲ್ಲಿ ‘ಬೀದರ್’ ಹುಡುಕಿದರೆ ಸಿಗುತ್ತಿರಲಿಲ್ಲ. ನಾನು ಟೈಪ್ ಮಾಡಿದ್ದು, ಪಟ್ಟಿಯಲ್ಲಿದ್ದದ್ದು, ಕಣ್ಣಿಗೆ ಎರಡೂ ಒಂದೇ ಥರ. ಎಸ್ಕೇಪ್ ಮಾಡಿ ನೋಡಿದರೆ ಒಂದರಲ್ಲಿ ಐದು ಸಂಕೇತ, ಇನ್ನೊಂದರಲ್ಲಿ ಆರು. ಕೊನೆಯಲ್ಲಿ \u200c ಅನ್ನುವ ಕೋಡ್ ಅಂಟಿಕೊಂಡಿತ್ತು. ಒತ್ತಕ್ಷರ ಆಗದಂತೆ ತಡೆಯಲು ನಾವು ಟೈಪ್ ಮಾಡುವ ಕಾಣದ ಸಂಕೇತ ಅಲ್ವಾ, ಅದೇ. ಪದದ ತುದಿಯಲ್ಲಿದ್ದರೆ ಗೊತ್ತೇ ಆಗುವುದಿಲ್ಲ. ‘ೀ’ ಕೂಡ ಹೀಗೆಯೇ, ಒಂದೇ ಸಂಕೇತವಾಗಿಯೂ ಬರಬಹುದು, ಎರಡಾಗಿಯೂ ಬರಬಹುದು. ಈಗ ಕನ್ನಡ ಹುಡುಕಾಟ ಕೈಕೊಟ್ಟರೆ ನಾನು ಮೊದಲು ತೆರೆಯುವುದೇ ಈ ಟೂಲ್.

ಇದರ ಮಿತಿಯನ್ನೂ ತಿಳಿದಿರಬೇಕು. ಇದು ಪಾಲಿಸುವುದು ಜಾವಾಸ್ಕ್ರಿಪ್ಟ್ ನಿಯಮ. ಲಿನಕ್ಸ್‌ನಲ್ಲಿ ಕಮಾಂಡ್ ಕೊಡಲು ಬಳಸುವ ಬ್ಯಾಶ್‌ನಲ್ಲಿ ಸಿಂಗಲ್ ಕೋಟ್ ಒಳಗೆ ಬ್ಯಾಕ್‌ಸ್ಲ್ಯಾಷ್‌ಗೆ ಯಾವ ಬೆಲೆಯೂ ಇಲ್ಲ, ಅಲ್ಲಿ ಈ ಉತ್ತರ ಪೇಸ್ಟ್ ಮಾಡಿದರೆ ಕೆಲಸ ಕೆಡುತ್ತದೆ. ಎಚ್‌ಟಿಎಂಎಲ್‌ಗೆ, ಯುಆರ್‌ಎಲ್‌ಗೆ ಬೇರೆಯೇ ಆಪರೇಶನ್‌ಗಳಿವೆ, ಅವನ್ನೇ ಬಳಸಿ. ಒಮ್ಮೆ ಎಸ್ಕೇಪ್ ಆದದ್ದನ್ನು ಮತ್ತೆ ಹಾಕಿದರೆ \\ ಹೋಗಿ \\\\ ಆಗುತ್ತದೆ, ಅದನ್ನು ತಡೆಯುವ ಬುದ್ಧಿ ಇದಕ್ಕಿಲ್ಲ.

ಡೇಟಾಬೇಸ್‌ಗೆ ಆದೇಶ (ಕ್ವೆರಿ) ಕೊಡುವ ಭಾಷೆ ಎಸ್‌ಕ್ಯೂಎಲ್‌ಗಂತೂ ಇದನ್ನು ಮುಟ್ಟಲೇಬೇಡಿ. ಬಳಕೆದಾರರು ತುಂಬಿದ ಹೆಸರನ್ನು ಕ್ವೆರಿಗೆ ಅಂಟಿಸಿ, ಕೋಟ್ ಎಸ್ಕೇಪ್ ಮಾಡಿದೆ ಅಂತ ನೆಮ್ಮದಿಯಾಗಿರುವವರನ್ನು ಇವತ್ತಿಗೂ ನೋಡುತ್ತೇನೆ. ಪಿಎಚ್‌ಪಿಯಲ್ಲಿ ಇನ್‌ಪುಟ್‌ಗೆಲ್ಲ ತಾನಾಗಿಯೇ ಬ್ಯಾಕ್‌ಸ್ಲ್ಯಾಷ್ ಸೇರಿಸುವ ‘ಮ್ಯಾಜಿಕ್ ಕೋಟ್ಸ್’ ಇತ್ತು, 2012ರಲ್ಲಿ 5.4 ಆವೃತ್ತಿ ಬಂದಾಗ ಅದನ್ನು ಕಿತ್ತೇ ಹಾಕಿದರು. ಕ್ವೆರಿಯಲ್ಲಿ ಪ್ರಶ್ನೆ ಚಿಹ್ನೆ ಇಟ್ಟು ಬಳಕೆದಾರರು ತುಂಬಿದ್ದನ್ನು ಪ್ಯಾರಾಮೀಟರ್ ಆಗಿ ಬೇರೆ ಕಳಿಸಿ. ಆಗ ಕೋಟ್ ಎಷ್ಟಿದ್ದರೂ ಡೇಟಾಬೇಸ್ ಅದನ್ನು ಬರೀ ಡೇಟಾ ಅಂತಲೇ ನೋಡುತ್ತದೆ.