ಸ್ಪೆಕಲ್ ತೆಗೆಯಲು ಯಾವ ಫಿಲ್ಟರ್? ಮಂಡ್ಯದ ಸ್ಕ್ಯಾನ್‌ಗಳ ಮೇಲೊಂದು ಹೋಲಿಕೆ

ಅಲ್ಟ್ರಾಸೌಂಡ್ ಚಿತ್ರದ ತುಂಬ ರವೆ ಚೆಲ್ಲಿದಂತೆ ಕಾಣುವ ಮಚ್ಚೆಗಳೇ ಸ್ಪೆಕಲ್. ಅದನ್ನು ತಗ್ಗಿಸಲು ಯಾವ ಫಿಲ್ಟರ್ ಒಳ್ಳೆಯದೆಂದು ಮೈಸೂರಿನ ನಮ್ಮ ಕಾಲೇಜಿನ ಪ್ರಾಜೆಕ್ಟ್ ವಿದ್ಯಾರ್ಥಿಗಳು ವರ್ಷವರ್ಷವೂ ಕೇಳುತ್ತಾರೆ. ಪಿಎಸ್‌ಎನ್‌ಆರ್ (ಫಿಲ್ಟರ್ ಮಾಡಿದ ಚಿತ್ರ ಶುದ್ಧ ಮೂಲಕ್ಕೆ ಎಷ್ಟು ಹತ್ತಿರವಿದೆ ಎಂದು ಹೇಳುವ ಅಂಕ) ಕೋಷ್ಟಕ ತೋರಿಸಿ ಉತ್ತರ ಹೇಳುವುದು ನನಗೆ ಒಪ್ಪಿಗೆಯಿಲ್ಲ. ಆ ಅಂಕ ಲೆಕ್ಕಹಾಕಲು ಮಚ್ಚೆಯೇ ಇಲ್ಲದ ಮೂಲಚಿತ್ರ ಬೇಕು. ರೋಗಿಯ ಸ್ಕ್ಯಾನ್‌ನಲ್ಲಿ ಅಂಥದ್ದು ಇರುವುದೇ ಇಲ್ಲ. ಆದ್ದರಿಂದ ಮಂಡ್ಯದ ರೇಡಿಯಾಲಜಿಸ್ಟ್ ಒಬ್ಬರು ರೋಗಿಗಳ ಒಪ್ಪಿಗೆ ಪಡೆದು, ಹೆಸರು ವಿವರ ಅಳಿಸಿ ಕೊಟ್ಟ ಥೈರಾಯ್ಡ್ ಮತ್ತು ಲಿವರ್ ಚಿತ್ರಗಳ ಮೇಲೆ ಒಂದೊಂದು ಫಿಲ್ಟರನ್ನೂ ಓಡಿಸಿ, ಮೂಲದ ಪಕ್ಕದಲ್ಲಿಟ್ಟು, ತೀರ್ಪನ್ನು ಅವರ ಕಣ್ಣಿಗೇ ಬಿಟ್ಟೆ. ಗರ್ಭಿಣಿಯರ ಸ್ಕ್ಯಾನ್‌ಗಳನ್ನು ಬೇಕೆಂದೇ ಮುಟ್ಟಲಿಲ್ಲ. 1994ರ ಲಿಂಗಪತ್ತೆ ನಿಷೇಧ ಕಾಯ್ದೆ ಇರುವಾಗ ಆ ಚಿತ್ರಗಳು ಸೆಂಟರ್ ಬಿಟ್ಟು ಹೊರಗೆ ಬಾರದಿರುವುದೇ ಸರಿ.

ಸ್ಪೆಕಲ್ ಹೊರಗಿನಿಂದ ಬಂದು ಸೇರಿಕೊಂಡ ಗದ್ದಲವಲ್ಲ. ಮೈಮೇಲಿಟ್ಟು ಧ್ವನಿತರಂಗ ಕಳಿಸಿ ಪಡೆಯುವ ಪ್ರೋಬ್ ಬಿಡಿಬಿಡಿಯಾಗಿ ಗುರುತಿಸಲಾರದಷ್ಟು ಸಣ್ಣ ರಚನೆಗಳಿಂದ ಮರಳುವ ಪ್ರತಿಧ್ವನಿಗಳು ಒಂದರೊಡನೊಂದು ಬೆರೆತು ಕೆಲವೆಡೆ ಕೂಡಿ ಬೆಳ್ಳಗಾಗುತ್ತವೆ, ಕೆಲವೆಡೆ ಕಳೆದು ಕಪ್ಪಾಗುತ್ತವೆ. ಅಂಗವೂ ಪ್ರೋಬೂ ಅಲುಗದಿದ್ದರೆ ಮತ್ತೆ ತೆಗೆದಾಗಲೂ ಅದೇ ಮಚ್ಚೆಗಳು ಅದೇ ಜಾಗದಲ್ಲಿ ಮೂಡುತ್ತವೆ. ಹಾಗಾಗಿ ಒಂದೇ ಕೋನದ ಫ್ರೇಮ್‌ಗಳ ಸರಾಸರಿಯಿಂದ ಏನೂ ಗಿಟ್ಟುವುದಿಲ್ಲ.

ಎಲ್ಲರೂ ಮೀಡಿಯನ್ ಫಿಲ್ಟರ್‌ನಿಂದ ಶುರು ಮಾಡುತ್ತಾರೆ, ನಾನೂ ಅಲ್ಲಿಂದಲೇ ಹೊರಟೆ. ಸುತ್ತಲಿನ ಒಂದು ಚೌಕದ, ಅಂದರೆ ಕಿಟಕಿಯ, ಪಿಕ್ಸೆಲ್ ಬೆಲೆಗಳನ್ನು ಏರಿಕೆಯ ಕ್ರಮದಲ್ಲಿಟ್ಟು ನಡುವಿನದನ್ನು ಆರಿಸಿಕೊಳ್ಳುವುದು ಅದರ ಕ್ರಮ. 5×5 ಕಿಟಕಿ ಇಟ್ಟರೆ ಚಿತ್ರ ಕ್ಷಣದಲ್ಲಿ ನುಣುಪಾಗುತ್ತದೆ. ಪರದೆಯ ಮೇಲೊಂದು ಥೈರಾಯ್ಡ್ ಗಂಟು. ಮೂಲಚಿತ್ರದಲ್ಲಿ ಅದರ ಕೆಳ ಅಂಚಿನ ಹತ್ತಿರ ಸೂಜಿಮೊನೆಯಷ್ಟು ಬಿಳಿ ಚುಕ್ಕೆಗಳಿದ್ದವು. ಫಿಲ್ಟರ್ ಮಾಡಿದ ಚಿತ್ರದಲ್ಲಿ ಅದೇ ಜಾಗದಲ್ಲಿ ಬರೀ ಬೂದುಬಣ್ಣ. “ನನಗೆ ಬೇಕಾದದ್ದನ್ನೇ ಒರೆಸಿಬಿಟ್ಟಿರಲ್ಲ ಸರ್” ಎಂದರು ಡಾಕ್ಟರ್. ಥೈರಾಯ್ಡ್ ಗಂಟು ಕ್ಯಾನ್ಸರ್ ಇರಬಹುದೇ ಎಂಬ ಅನುಮಾನಕ್ಕೆ ಅಂಕ ಕೊಡುವ 2017ರ ಎಸಿಆರ್ ಟೈರಾಡ್ಸ್ ಪದ್ಧತಿಯಲ್ಲಿ ಅಂಥ ಚುಕ್ಕೆಗಳಿಗೇ 3 ಅಂಕ. ಗಂಟಿಗೆ ಸೂಜಿ ಹಾಕಿ ಮಾದರಿ ತೆಗೆಯಬೇಕೇ ಎಂಬುದು ಒಟ್ಟು ಅಂಕ ಮತ್ತು ಗಂಟಿನ ಗಾತ್ರವನ್ನು ನೋಡಿ ತೀರ್ಮಾನವಾಗುತ್ತದೆ. ಕಿಟಕಿಯ 25 ಪಿಕ್ಸೆಲ್‌ಗಳಲ್ಲಿ ನಾಲ್ಕೈದನ್ನು ಮಾತ್ರ ತುಂಬುವ ಚುಕ್ಕೆ ನಡುವಿನ ಬೆಲೆಯಾಗಿ ಬರಲು ಸಾಧ್ಯವೇ ಇಲ್ಲ. ರೋಗನಿರ್ಣಯಕ್ಕೆ ಹೋಗುವ ಚಿತ್ರಕ್ಕೆ ಮೀಡಿಯನ್ ಹಾಕಲೇಬಾರದು ಎಂದು ನಾನು ಖಂಡಿತವಾಗಿ ಹೇಳುತ್ತೇನೆ.

1980ರಷ್ಟು ಹಳೆಯದಾದ ಲೀ ಫಿಲ್ಟರ್ ಇದಕ್ಕಿಂತ ಎಷ್ಟೋ ವಿವೇಕಿ. ಸುತ್ತಲಿನ ಏರಿಳಿತ ಕಡಿಮೆಯಿರುವಲ್ಲಿ ಸರಾಸರಿ ತೆಗೆದುಕೊಳ್ಳುತ್ತದೆ, ಹೆಚ್ಚಿರುವಲ್ಲಿ ಮೂಲವನ್ನು ಹಾಗೆಯೇ ಬಿಡುತ್ತದೆ. ಚುಕ್ಕೆಗಳು ಉಳಿದವು. ಆದರೆ ಅಂಚಿನ ಉದ್ದಕ್ಕೂ ಮಚ್ಚೆಗಳೂ ಉಳಿದವು. ಇಲ್ಲೊಂದು ಎಚ್ಚರಿಕೆ ಬೇಕು. ಸ್ಪೆಕಲ್ ಗುಣಾಕಾರವಾಗಿ ಬೆರೆಯುತ್ತದೆ ಎಂಬ ಸೂತ್ರ ಲಾಗ್ ಸಂಕೋಚನಕ್ಕೆ (ಪ್ರತಿಧ್ವನಿಗಳ ಭಾರಿ ಏರಿಳಿತವನ್ನು ಲಾಗರಿದಮ್‌ನಿಂದ ಪರದೆಗೆ ಹಿಡಿಯುವಷ್ಟು ಕುಗ್ಗಿಸುವುದು) ಮುಂಚಿನ ಸಂಕೇತಕ್ಕೆ ಹೊಂದುತ್ತದೆ. ಯಂತ್ರದಿಂದ ಹೊರಬರುವ ಚಿತ್ರದಲ್ಲಿ ಲಾಗ್ ಆಗಿಹೋಗಿರುತ್ತದೆ, ಅಲ್ಲಿ ಅದು ಹೆಚ್ಚುಕಡಿಮೆ ಕೂಡಿಕೆಯಾಗಿ ಬದಲಾಗಿರುತ್ತದೆ. ವಿದ್ಯಾರ್ಥಿಗಳು ತರುವ ಕೋಡ್‌ನಲ್ಲಿ ನಾನು ಮೊದಲು ಹುಡುಕುವುದು ಇದನ್ನೇ.

ಯೂ ಮತ್ತು ಆಕ್ಟನ್ 2002ರಲ್ಲಿ ಪ್ರಕಟಿಸಿದ ಎಸ್‌ಆರ್‌ಎಡಿ (ಸ್ಪೆಕಲ್ ರೆಡ್ಯೂಸಿಂಗ್ ಅನೈಸೊಟ್ರೋಪಿಕ್ ಡಿಫ್ಯೂಷನ್) ವಿಧಾನ ಗಂಟಿನ ಗಡಿಯನ್ನು ಗೆರೆ ಎಳೆದಷ್ಟು ಸ್ಪಷ್ಟ ಮಾಡಿತು. ಅಂಚನ್ನು ದಾಟದೆ, ಒಳಗೊಳಗೇ ಹಂತಹಂತವಾಗಿ ಹರಡಿ ಸಮಗೊಳಿಸುವುದು ಅದರ ಕ್ರಮ. ಗಡಿಯನ್ನು ಕಂಪ್ಯೂಟರ್ ಗುರುತಿಸಬೇಕಾದ ಕೆಲಸಕ್ಕೆ ನನ್ನ ಆಯ್ಕೆ ಇದೇ. ಲಿವರ್‌ಗೆ ಮಾತ್ರ ಬೇಡ. ಸುತ್ತುಗಳು ಹೆಚ್ಚಾದಂತೆ ಇಡೀ ಲಿವರ್ ಪ್ಲಾಸ್ಟಿಕ್ ಹಾಳೆಯ ಹಾಗಾಯಿತು. ಲಿವರ್‌ನ ಒರಟುತನವೇ ಸಿರೋಸಿಸ್‌ನ, ಅಂದರೆ ಲಿವರ್ ಕಲೆಗಟ್ಟಿ ಗಟ್ಟಿಯಾಗುವ ರೋಗದ, ಒಂದು ಸೂಚನೆ. ಅದನ್ನು ನಯಗೊಳಿಸಿ ಕೊಟ್ಟರೆ ವೈದ್ಯರ ಕೈಗೆ ಸುಳ್ಳು ಚಿತ್ರ ಕೊಟ್ಟಂತೆ.

ಚಿತ್ರವನ್ನು ಸಣ್ಣ ದೊಡ್ಡ ಅಲೆಗಳಾಗಿ ಬಿಡಿಸಿ ದುರ್ಬಲವಾದವನ್ನು ತೆಗೆಯುವ ವೇವ್‌ಲೆಟ್ ಬಗ್ಗೆ ಹೆಚ್ಚು ಹೇಳಲಾರೆ. ಅಂಚುಗಳ ಪಕ್ಕದಲ್ಲಿ ಇಲ್ಲದ ಅಲೆಗಳನ್ನು ಹುಟ್ಟಿಸಿತು, ಬಿಟ್ಟೆ.

ಡಾಕ್ಟರ್‌ಗೆ ಮೆಚ್ಚುಗೆಯಾದದ್ದು ನಾನ್-ಲೋಕಲ್ ಮೀನ್ಸ್. ಅದರಲ್ಲೂ ಕೂಪೆ ಮತ್ತು ಸಂಗಡಿಗರು 2009ರಲ್ಲಿ ಸ್ಪೆಕಲ್‌ಗೆಂದೇ ಹೊಂದಿಸಿದ ರೂಪ. ನೆರೆಯ ಪಿಕ್ಸೆಲ್‌ಗಳನ್ನು ಕಣ್ಣುಮುಚ್ಚಿ ಬೆರೆಸದೆ, ಸುತ್ತಮುತ್ತ ತನ್ನಂತೆಯೇ ಇರುವ ತುಣುಕುಗಳನ್ನು ಹುಡುಕಿ ಅವುಗಳ ಸರಾಸರಿ ತೆಗೆಯುತ್ತದೆ. ಬಲ ಕಡಿಮೆ ಇಟ್ಟಾಗ ಚುಕ್ಕೆಗಳೂ ಉಳಿದವು, ಲಿವರ್‌ನ ಒರಟೂ ಬಹುಮಟ್ಟಿಗೆ ಉಳಿಯಿತು. ಇದು ನಿಧಾನ, ನನ್ನ ಲ್ಯಾಪ್‌ಟಾಪ್‌ನಲ್ಲಿ ಒಂದು ಚಿತ್ರ ಮುಗಿಯುವವರೆಗೆ ಕಾದು ಕೂರಬೇಕು. ಸ್ಕ್ಯಾನ್ ನಡೆಯುತ್ತಿರುವಾಗಲೇ ಬಳಸಲು ಅದನ್ನು ಜಿಪಿಯು (ಒಟ್ಟಿಗೇ ಸಾವಿರಾರು ಲೆಕ್ಕ ಮಾಡುವ ಗ್ರಾಫಿಕ್ಸ್ ಚಿಪ್) ಮೇಲೆ ಓಡಿಸಬೇಕಾಗುತ್ತದೆ. ಆದರೂ ಕಣ್ಣಿನಿಂದ ಓದುವ ಚಿತ್ರಕ್ಕೆ ನಾನು ಇದನ್ನೇ ಸೂಚಿಸುತ್ತೇನೆ.

ಇಷ್ಟೆಲ್ಲದರ ಜೊತೆಗೆ ಯಂತ್ರದಲ್ಲೇ ಇರುವ ಕಾಂಪೌಂಡಿಂಗ್ ಗುಂಡಿಯನ್ನೂ ಒತ್ತಿ ನೋಡಬೇಕು. ಹಲವು ಕೋನಗಳಿಂದ ನೋಡಿ ಸರಾಸರಿ ಮಾಡುವುದರಿಂದ ಕೋನ ಬದಲಾದಂತೆ ಮಚ್ಚೆಗಳೂ ಬದಲಾಗಿ ತಗ್ಗುತ್ತವೆ. ಚಿತ್ರ ಕೈಗೆ ಸಿಗುವ ಮೊದಲೇ ಕೆಲಸ ಆಗುವುದರಿಂದ ಇದು ಯಾವ ಫಿಲ್ಟರ್‌ಗಿಂತಲೂ ಪ್ರಾಮಾಣಿಕ. ಥೈರಾಯ್ಡ್ ನೋಡುವಾಗ ಇದನ್ನು ಹಾಕಿಯೇ ಇಟ್ಟಿರಬಹುದು. ಪಿತ್ತಕೋಶದ ಕಲ್ಲು ಹುಡುಕುವಾಗ ಒಮ್ಮೆ ಆಫ್ ಮಾಡಿ ನೋಡಬೇಕು, ಏಕೆಂದರೆ ಕಲ್ಲೆಂದು ಖಚಿತಪಡಿಸುವ ಹಿಂದಿನ ಕಪ್ಪು ನೆರಳನ್ನೂ ಅದು ಮಸುಕಾಗಿಸುತ್ತದೆ.