ಡಬಲ್ ಸಿಲಿಂಡರ್ ಡೈವಿಂಗ್ ತರಬೇತಿ: ಕೆಲವು ವರ್ಷ ಬಳಸಿದ ಮೇಲೆ

ನಾನಿರುವುದು ಇಂಗ್ಲೆಂಡಿನಲ್ಲಿ. ಡೈವಿಂಗ್ ಹೆಚ್ಚಾಗಿ ಲೆಸ್ಟರ್ ಕಡೆಯ ಸ್ಟೋನಿ ಕೋವ್‌ನಲ್ಲಿ. ಅದು ನೀರು ತುಂಬಿಕೊಂಡ ಹಳೆಯ ಕಲ್ಲು ಕ್ವಾರಿ. ಜಿಯುಇ (ಗ್ಲೋಬಲ್ ಅಂಡರ್‌ವಾಟರ್ ಎಕ್ಸ್‌ಪ್ಲೋರರ್ಸ್) ಅನ್ನುವ ಡೈವಿಂಗ್ ಸಂಸ್ಥೆಯ ಫಂಡಮೆಂಟಲ್ಸ್ ಕೋರ್ಸನ್ನು 12 ಲೀಟರಿನ ಜೋಡಿ ಸಿಲಿಂಡರ್ ಹೊತ್ತೇ ಮುಗಿಸಿದೆ. ಕೊಟ್ಟ ದುಡ್ಡಿಗೆ ಮೋಸವಿಲ್ಲ ಅಂತ ಈಗ ಧೈರ್ಯವಾಗಿ ಹೇಳುತ್ತೇನೆ.

ಗಾಳಿ ಜಾಸ್ತಿ ಇದ್ದರೆ ನೀರಲ್ಲಿ ಜಾಸ್ತಿ ಹೊತ್ತು ಇರಬಹುದು ಅಂತ ಎಷ್ಟೋ ಜನ ಡಬಲ್ ಕೊಳ್ಳುತ್ತಾರೆ. ಈ ಕೋರ್ಸಿನಲ್ಲಿ ಮೊದಲು ಆ ಗಾಳಿಯಲ್ಲಿ ಜೊತೆಗಾರನ ಪಾಲೆಷ್ಟು ಅಂತ ಲೆಕ್ಕ ಹಾಕಿಸುತ್ತಾರೆ. 30 ಮೀಟರ್ ಆಳದಲ್ಲಿ ಒಬ್ಬರ ಗಾಳಿ ನಿಂತೇ ಹೋಯಿತು ಅಂದುಕೊಳ್ಳಿ. ಒಬ್ಬೊಬ್ಬರಿಗೆ ನಿಮಿಷಕ್ಕೆ 20 ಲೀಟರ್, ಸರಾಸರಿ ಒತ್ತಡ 2.5 ಬಾರ್, ಮೇಲೆ ಬರಲು 11 ನಿಮಿಷ. ಇಬ್ಬರಿಗೂ ಸೇರಿ ಒಟ್ಟು 1,100 ಲೀಟರ್ ಬೇಕು. 12 ಲೀಟರಿನ ಒಂದೇ ಸಿಲಿಂಡರ್ ಇದ್ದರೆ 92 ಬಾರ್ ಉಳಿದಿರುವಾಗಲೇ ಹೊರಡಬೇಕು. ಡಬಲ್ ಆದರೆ 46. ‘50 ಬಾರ್ ಇಟ್ಟುಕೊಂಡು ಮೇಲೆ ಬನ್ನಿ’ ಅನ್ನುವ ಮಾಮೂಲಿ ಮಾತು ಎಲ್ಲ ಆಳಕ್ಕೂ ಹೊಂದುವುದಿಲ್ಲ, ಅಲ್ವಾ?

ಬೆವರಿಳಿಸಿದ್ದು ವಾಲ್ವ್ ಡ್ರಿಲ್. ಮಟ್ಟಸವಾಗಿ ತೇಲುತ್ತಾ, ತಲೆಯ ಹಿಂದೆ ಕೈ ಹಾಕಿ ಬಲ, ನಡು (ಎರಡು ಸಿಲಿಂಡರ್‌ಗಳನ್ನು ಸೇರಿಸುವುದು ಇದೇ), ಎಡ ವಾಲ್ವ್‌ಗಳನ್ನು ಒಂದೊಂದಾಗಿ ಮುಚ್ಚಿ ತೆರೆಯಬೇಕು. ಒಳಗೆ ನೀರು ಬಿಡದ ದಪ್ಪ ಡ್ರೈಸೂಟ್‌ನಲ್ಲಿ ಭುಜ ಮಣಿಯುವುದೇ ಇಲ್ಲ. ಮೊಣಕೈ ಮುಂದೆ ತಂದು ಮೇಲೆತ್ತಿದರೆ ಕೈ ಎಟಕುತ್ತದೆ.

ಈ ಡ್ರಿಲ್‌ನ ಬೆಲೆ ತಿಳಿದದ್ದು ಒಂದು ಅಂಗಡಿಯಲ್ಲಿ ಗಾಳಿ ತುಂಬಿಸಿಕೊಂಡು ಬಂದ ದಿನ. ಗೇಜ್ 220 ಬಾರ್ ತೋರಿಸುತ್ತಿತ್ತು. ದಡದಲ್ಲೇ, ಕಲಿಸಿದ ಹಾಗೆ, ಎಲ್ಲ ವಾಲ್ವ್ ತಿರುಗಿಸಿ ನೋಡಿದೆ. ನಡುವಿನದು ಪೂರ್ತಿ ಮುಚ್ಚಿತ್ತು. ತೆರೆದ ಕೂಡಲೇ ಬುಸ್ ಅಂತ ಸದ್ದು. ಮುಳ್ಳು ಸರಸರ ಇಳಿದು 140ಕ್ಕೆ ನಿಂತಿತು. ಅವರು ತುಂಬಿಸಿದ್ದು ಒಂದೇ ಸಿಲಿಂಡರ್! ಗೇಜ್ ಇದ್ದದ್ದೂ ಅದೇ ಕಡೆ. ನಾನು ಉಸಿರಾಡುವುದು ಇನ್ನೊಂದರಿಂದ.

ಕಷ್ಟಗಳೂ ಇವೆ. ಜೋಡಿ ಸ್ಟೀಲ್ ಸಿಲಿಂಡರ್ 35 ಕಿಲೋಗೂ ಜಾಸ್ತಿ ತೂಗುತ್ತದೆ. ಕಾರಿನಿಂದ ನೀರಿನವರೆಗೆ ನಡೆಯುವಷ್ಟರಲ್ಲಿ ಸೊಂಟ ಹಿಡಿಯುತ್ತದೆ. ಕೋರ್ಸಿಗಿಂತ ಸಾಮಾನಿಗೇ ಜಾಸ್ತಿ ಖರ್ಚು. ಊರಿಗೆ ಬಂದಾಗ ನೇತ್ರಾಣಿಯಲ್ಲಿ ಸಿಕ್ಕಿದ್ದು ಒಂಟಿ ಸಿಲಿಂಡರ್. ಆದರೂ ಕೆಸರು ಎಬ್ಬಿಸದೆ ಕಾಲು ಬಡಿಯುವ ಫ್ರಾಗ್ ಕಿಕ್, ಗಾಳಿಯ ಲೆಕ್ಕ, ಎರಡೂ ಅಲ್ಲಿ ಹಾಗೇ ಉಪಯೋಗಕ್ಕೆ ಬಂದವು.

ರಜೆಯಲ್ಲಿ 12 ಮೀಟರ್ ಇಳಿದು ಮೀನು ನೋಡುವವರಿಗೆ ಡಬಲ್ ಸುಮ್ನೆ ಭಾರ. 30 ಮೀಟರ್ ಆಸುಪಾಸು, ತಣ್ಣೀರಲ್ಲಿ ಮತ್ತೆ ಮತ್ತೆ ಇಳಿಯುವವರು ಖಂಡಿತ ಕಲಿಯಿರಿ. ಕಲಿಯುವಾಗ ಸಿಲಿಂಡರ್ ಬಾಡಿಗೆಗೆ ತಗೊಳ್ಳಿ. ಆಮೇಲೆ ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಅದರ ಮೇಲಿನ ಟೆಸ್ಟ್ ಮುದ್ರೆ ನೋಡಿ. ಇಂಗ್ಲೆಂಡಿನಲ್ಲಿ ಎರಡೂವರೆ ವರ್ಷಕ್ಕೊಮ್ಮೆ ಒಳಗೆ ನೋಡಿಸಬೇಕು, 5 ವರ್ಷಕ್ಕೊಮ್ಮೆ ಒತ್ತಡದ ಪರೀಕ್ಷೆ ಆಗಬೇಕು.