ಮಂಡಿ ನೋವಿಗೆ ನಾಲ್ಕು ದಾರಿ ನೋಡಿದೆ: ಕರೆಂಟ್, ವಿಡಿಯೋ, ಮನೆಗೆ ಬರುವವರು, ಜಿಲ್ಲಾಸ್ಪತ್ರೆ

ಕಳೆದ ವರ್ಷ ಸಂಕ್ರಾಂತಿ ದಿನ ಬೆಳಗ್ಗೆ ಬಾಗಿಲಿಗೆ ರಂಗೋಲಿ ಹಾಕಿ ಮುಗಿಸಿದೆ. ಏಳೋಕೆ ಆಗಲಿಲ್ಲ. ಎಡಗೈ ನೆಲಕ್ಕೆ ಊರಿ, ಬಾಗಿಲ ಚೌಕಟ್ಟು ಹಿಡಿದು ಎದ್ದೆ. ಬಲ ಮಂಡಿಯೊಳಗೆ ಮರಳು ಸೇರಿಕೊಂಡ ಹಾಗೆ ಕರಕರ ಅಂತು. ನನಗೆ 54 ವರ್ಷ. 26 ವರ್ಷದಿಂದ ಪ್ರೈಮರಿ ಶಾಲೆ ಮೇಡಂ. ದಿನಕ್ಕೆ ಐದಾರು ಗಂಟೆ ಸಿಮೆಂಟ್ ನೆಲದ ಮೇಲೆ ನಿಂತೇ ಇರುತ್ತೇನೆ.

ಎಕ್ಸ್‌ರೇ ನೋಡಿದ ಮೂಳೆ ಡಾಕ್ಟರ್, "ಸವೆತ ಶುರುವಾಗಿದೆ. ಆಪರೇಷನ್ ಮಾತು ಈಗ ಬೇಡ. ಫಿಸಿಯೋಥೆರಪಿ ಮಾಡಿಸಿ" ಅಂದರು. ಎಲ್ಲಿ, ಎಷ್ಟು ದಿನ, ಏನು ಮಾಡಿಸಬೇಕು ಅಂತ ಚೀಟಿಯಲ್ಲಿ ಇರಲಿಲ್ಲ. ಹಾಗಾಗಿ ಎಂಟು ತಿಂಗಳಲ್ಲಿ ನಾಲ್ಕು ಕಡೆ ಅಲೆದೆ. ನನ್ನ ಹಾಗೆ ಮಂಡಿ ಹಿಡಿದುಕೊಂಡು ಓಡಾಡುವವರು ನಮ್ಮೂರಿನ ಪ್ರತಿ ಬೀದಿಯಲ್ಲೂ ಇದ್ದಾರೆ. ಅವರಿಗೆ ಈ ಅಲೆದಾಟ ತಪ್ಪಲಿ ಅಂತ ಬರೆಯುತ್ತಿದ್ದೇನೆ.

ಅಳೆಯೋದಕ್ಕೆ ಒಂದೇ ಪರೀಕ್ಷೆ ಇಟ್ಟುಕೊಂಡೆ. ಎರಡೂ ಕೈ ಎದೆ ಮೇಲೆ ಕಟ್ಟಿಕೊಂಡು, 30 ಸೆಕೆಂಡಿನಲ್ಲಿ ಕುರ್ಚಿಯಿಂದ ಎಷ್ಟು ಸಲ ಎದ್ದು ಕೂರುತ್ತೇನೆ ಅಂತ ಎಣಿಸೋದು. ಫಿಸಿಯೋಗಳೇ ಬಳಸುವ ಪರೀಕ್ಷೆ ಇದು. ಮೊದಲ ದಿನ ನನ್ನ ಲೆಕ್ಕ 7.

ಮೊದಲು ಹೋಗಿದ್ದು ಪೇಟೆಯ ಒಂದು ಖಾಸಗಿ ಕ್ಲಿನಿಕ್‌ಗೆ. ಹತ್ತು ಸಿಟ್ಟಿಂಗ್‌ಗೆ 4,000 ರೂಪಾಯಿ. ಮಲಗಿಸಿ, ಮಂಡಿ ಸುತ್ತ ನಾಲ್ಕು ಒದ್ದೆ ಪ್ಯಾಡ್ ಕಟ್ಟಿ ಕರೆಂಟ್ ಇಡುತ್ತಿದ್ದರು. ಹದಿನೈದು ನಿಮಿಷ ಚುಮುಚುಮು. ಆಮೇಲೆ ಜೆಲ್ ಹಚ್ಚಿ ಅಲ್ಟ್ರಾಸೌಂಡ್, ಕೊನೆಗೆ ಶಾಖ. ಎದ್ದು ಬರುವಾಗ ನಿಜವಾಗಿಯೂ ಹಗುರ ಅನ್ನಿಸುತ್ತಿತ್ತು. ಆ ಹಗುರ ರಾತ್ರಿ ಊಟದ ಹೊತ್ತಿಗೆ ಹೋಗಿಬಿಡುತ್ತಿತ್ತು. ವ್ಯಾಯಾಮ ಅಂತ ಹೇಳಿಕೊಟ್ಟಿದ್ದು ಕೊನೆಯ ದಿನ, ಐದು ನಿಮಿಷ. ಹತ್ತು ಸಿಟ್ಟಿಂಗ್ ಮುಗಿದ ಮೇಲೂ ಕುರ್ಚಿ ಲೆಕ್ಕ 7 ಆಗಿಯೇ ಇತ್ತು.

ಆಮೇಲೆ ಓದಿ ತಿಳಿದುಕೊಂಡೆ. ಯಾವ ಕಾಯಿಲೆಗೆ ಯಾವ ಚಿಕಿತ್ಸೆ ಅಂತ ಡಾಕ್ಟರುಗಳಿಗೆ ಸಲಹೆ ಕೊಡುವ ಬ್ರಿಟನ್ನಿನ ನೈಸ್ (NICE) ಸಂಸ್ಥೆ 2022ರಲ್ಲಿ ಕೀಲು ಸವೆತಕ್ಕೆ ಮಾರ್ಗಸೂಚಿ ಹೊರಡಿಸಿದೆ. ವ್ಯಾಯಾಮವನ್ನು ಎಲ್ಲ ರೋಗಿಗಳಿಗೂ ಕೊಡಿ, ಕರೆಂಟ್ ಮತ್ತು ಅಲ್ಟ್ರಾಸೌಂಡ್ ಚಿಕಿತ್ಸೆ ಕೊಡಬೇಡಿ ಅಂತ ಅದರಲ್ಲಿ ಸ್ಪಷ್ಟವಾಗಿ ಇದೆ. ಅವುಗಳಿಂದ ಲಾಭ ಆಗುತ್ತೆ ಅನ್ನೋದಕ್ಕೆ ಸಾಕಷ್ಟು ಆಧಾರ ಸಿಕ್ಕಿಲ್ಲ. ಇದು ಸವೆತದ ಮಾತು ಮಾತ್ರ. ಬೇರೆ ನೋವಿಗೆ, ಬೇರೆ ಕಾಯಿಲೆಗೆ ಲೆಕ್ಕ ಬೇರೆ. ಆದರೆ ನಮ್ಮ ಕಡೆ ಫಿಸಿಯೋಥೆರಪಿ ಅಂದರೆ ಕರೆಂಟ್ ಇಡಿಸಿಕೊಳ್ಳೋದು ಅಂತಲೇ ಜನ ತಿಳಿದಿದ್ದಾರೆ. ಮೆಷಿನ್ ಇಡದಿದ್ದರೆ "ಏನೂ ಮಾಡಲಿಲ್ಲ" ಅಂತ ಬೈದುಕೊಂಡು ಬರುತ್ತಾರೆ. ಇದು ನನಗೆ ತುಂಬಾ ಬೇಜಾರಿನ ವಿಷಯ.

ವಿಡಿಯೋ ದಾರಿಯನ್ನು ಬೇಗ ಮುಗಿಸಿಬಿಡುತ್ತೇನೆ. ಖರ್ಚಿಲ್ಲ, ನಮಗೆ ಅನುಕೂಲವಾದ ಹೊತ್ತಿಗೆ ಮಾಡಬಹುದು. ಕನ್ನಡದಲ್ಲೇ ಚೆನ್ನಾಗಿ ವಿವರಿಸುವವರೂ ಇದ್ದಾರೆ. ಆದರೆ ನನ್ನ ಕಾಲು ಅವರಿಗೆ ಕಾಣೋದಿಲ್ಲ, ಅಲ್ವಾ? ಬಸ್ಕಿ ಹೊಡೆಯುವಾಗ ನನ್ನ ಮಂಡಿ ಒಳಗಡೆಗೆ ವಾಲುತ್ತಿದೆ ಅಂತ ಯಾರೂ ಹೇಳಲಿಲ್ಲ. ಎರಡನೇ ವಾರ ಮಂಡಿ ಊದಿಕೊಂಡಿತು, ಮೆಟ್ಟಿಲು ಇಳಿಯೋದು ಕಷ್ಟವಾಯಿತು. ಕುರ್ಚಿ ಲೆಕ್ಕ 6ಕ್ಕೆ ಇಳಿಯಿತು.

ಬೇಸಿಗೆ ರಜೆಗೆ ಬೆಂಗಳೂರಿಗೆ, ರಾಜಾಜಿನಗರದ ತಂಗಿ ಮನೆಗೆ ಹೋದೆ. ಮನೆಗೇ ಬರುವ ಒಬ್ಬ ಫಿಸಿಯೋ ಅವಳಿಗೆ ಗೊತ್ತಿದ್ದರು. ಒಂದು ಸಲಕ್ಕೆ 700 ರೂಪಾಯಿ. ಎಂಟು ಸಲ ಬಂದರು. ದುಬಾರಿಯೇ, ಒಪ್ಪುತ್ತೇನೆ. ಆದರೆ ಮೊದಲ ದಿನ ಆ ಹುಡುಗ ಮಾಡಿದ ಕೆಲಸ ಬೇರೆ ಯಾರೂ ಮಾಡಿರಲಿಲ್ಲ. ಮಂಡಿ ಮುಟ್ಟುವ ಮೊದಲು, "ಅಮ್ಮಾ, ನೀವು ದಿನಾ ಎಲ್ಲೆಲ್ಲಿ ಕೂರ್ತೀರಿ, ಏನೇನು ಮಾಡ್ತೀರಿ, ತೋರಿಸಿ" ಅಂದ. ಮಲಗುವ ದಿವಾನ ತೋರಿಸಿದೆ. ತೀರಾ ತಗ್ಗು. ಅದರ ಕಾಲಿನ ಕೆಳಗೆ ಮರದ ತುಂಡು ಕೊಡಿಸಿ ಎತ್ತರ ಮಾಡಿಸಿದ. ಊರಿನ ಮನೆಯ ಬಚ್ಚಲು, ಶೌಚಾಲಯದ ಫೋಟೋ ಕೇಳಿದ. ಕುಕ್ಕರಗಾಲಲ್ಲಿ ಕೂತು ಬಟ್ಟೆ ಒಗೆಯೋದನ್ನು ಸದ್ಯಕ್ಕೆ ನಿಲ್ಲಿಸಿ, ಎತ್ತರದ ಸ್ಟೂಲ್ ಇಟ್ಟುಕೊಳ್ಳಿ ಅಂದ. ರಂಗೋಲಿ ಬಿಡಬೇಕಾ ಅಂತ ಕೇಳಿದೆ. "ಬಿಡಬೇಡಿ. ಮೂರು ತಿಂಗಳು ಮಣೆ ಮೇಲೆ ಕೂತು ಚಿಕ್ಕದು ಹಾಕಿ. ಶಕ್ತಿ ಬಂದ ಮೇಲೆ ನೋಡೋಣ" ಅಂದ.

ನೋವಿಗೊಂದು ನಿಯಮವನ್ನೂ ಹೇಳಿಕೊಟ್ಟ. ವ್ಯಾಯಾಮ ಮಾಡುವಾಗ ಸ್ವಲ್ಪ ನೋವು ಬಂದರೆ ಹೆದರಬೇಡಿ. ಮಾರನೇ ದಿನ ಅದೇ ಹೊತ್ತಿಗೆ ಮೊದಲಿನ ಮಟ್ಟಕ್ಕೆ ಇಳಿದಿದ್ದರೆ ಸರಿ. ಇಳಿಯದೇ ಇದ್ದರೆ, ಊತ ಬಂದರೆ, ಜಾಸ್ತಿ ಮಾಡಿದ್ದೀರಿ ಅಂತ ಅರ್ಥ. ವ್ಯಾಯಾಮವನ್ನು ಒಂದು ಹಂತ ಕಡಿಮೆ ಮಾಡಿ. ಈ ಒಂದು ಮಾತು ನನ್ನ ಅರ್ಧ ಭಯ ಕಳೆಯಿತು. ನೋವು ಬಂದರೆ ಒಳಗೆ ಏನೋ ಹರಿದುಹೋಗ್ತಿದೆ ಅಂತ ನಾನು ಅಂದುಕೊಂಡಿದ್ದೆ. ನಿಜ ನೋಡಿದರೆ ಕೀಲಿಗೆ ಚಲನೆಯೇ ಬೇಕು. ಕೀಲಿನೊಳಗೆ ಮೂಳೆ ತುದಿಗಿರುವ ಮೆದು ಪದರಕ್ಕೆ (ಮೃದ್ವಸ್ಥಿ) ರಕ್ತನಾಳವೇ ಇಲ್ಲ. ಕಾಲು ಮಡಚಿ ಚಾಚುವಾಗ, ಭಾರ ಬಿದ್ದು ಬಿಡುವಾಗ, ಕೀಲಿನ ದ್ರವ ಅದರೊಳಗೆ ಹೋಗಿ ಬಂದು ಪೋಷಣೆ ಕೊಡುತ್ತೆ. ಸುಮ್ನೆ ಕೂತರೆ ಅದಕ್ಕೆ ಊಟ ಕಡಿಮೆ. ರಜೆ ಮುಗಿಯುವಾಗ ಕುರ್ಚಿ ಲೆಕ್ಕ 9.

ಊರಿಗೆ ಬಂದ ಮೇಲೆ ಮನೆಗೆ ಬರುವವರು ಸಿಗಲಿಲ್ಲ. ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಆಗ ಫಿಸಿಯೋ ಇರಲಿಲ್ಲ. 40 ಕಿಲೋಮೀಟರ್ ಬಸ್ಸಿನಲ್ಲಿ ಜಿಲ್ಲಾಸ್ಪತ್ರೆಗೆ ಹೋದೆ. ಅಲ್ಲಿ ಅಂಥ ವಿಭಾಗ ಇದೆ ಅನ್ನೋದೇ ನನಗೆ ಗೊತ್ತಿರಲಿಲ್ಲ. 2010ರಲ್ಲಿ ಶುರುವಾದ ಹಿರಿಯರ ಆರೋಗ್ಯದ ರಾಷ್ಟ್ರೀಯ ಕಾರ್ಯಕ್ರಮದಲ್ಲೇ ಜಿಲ್ಲಾಸ್ಪತ್ರೆಗೆ ಫಿಸಿಯೋಥೆರಪಿ ಘಟಕ ಇರಬೇಕು ಅಂತ ಇದೆ. ಎಷ್ಟು ಜನಕ್ಕೆ ಇದು ತಿಳಿದಿದೆ?

ಉದ್ದನೆಯ ಕೋಣೆ. ಗೋಡೆಗೆ ಭುಜ ತಿರುಗಿಸುವ ದೊಡ್ಡ ಚಕ್ರ. ನಡುವೆ ಎರಡು ಕಂಬಿ, ಅದನ್ನು ಹಿಡಿದುಕೊಂಡು ಲಕ್ವ ಹೊಡೆದ ಒಬ್ಬ ಯಜಮಾನರು ಹೆಜ್ಜೆ ಇಡುತ್ತಿದ್ದರು. ಅವರ ಹಿಂದೆ ಸೊಸೆ ಕುರ್ಚಿ ತಳ್ಳಿಕೊಂಡು ಬರುತ್ತಿದ್ದಳು. ಮೂಲೆಯ ಚಾಪೆ ಮೇಲೆ ಕತ್ತು ನಿಲ್ಲದ ಮಗುವನ್ನು ಕೂರಿಸೋದು ಹೇಗೆ ಅಂತ ಒಬ್ಬ ತಾಯಿಗೆ ಹೇಳಿಕೊಡುತ್ತಿದ್ದರು. ಆ ಕೋಣೆಯಲ್ಲಿ ಅರ್ಧ ಗಂಟೆ ಕೂತರೆ ಸಾಕು, ಈ ವಿದ್ಯೆ ಯಾಕೆ ಬೇಕು ಅಂತ ಯಾರೂ ಭಾಷಣ ಮಾಡಬೇಕಿಲ್ಲ. ಅಲ್ಲಿದ್ದವರಿಗೆಲ್ಲ ಎದ್ದು ನಿಲ್ಲೋದು, ನಡೆಯೋದು, ಕೈ ಎತ್ತಿ ತಲೆ ಬಾಚಿಕೊಳ್ಳೋದು ವಾಪಸ್ ಬೇಕಿತ್ತು.

ನನ್ನನ್ನು ನೋಡಿದ ಫಿಸಿಯೋ ಮೇಡಂ ಟವೆಲ್ ಸುತ್ತಿ ಮಂಡಿ ಕೆಳಗಿಟ್ಟು, "ಒತ್ತಿ" ಅಂದರು. ಒತ್ತಿದೆ. ಮಂಡಿ ಚಿಪ್ಪಿನ ಮೇಲೆ, ಒಳಬದಿಗೆ, ಎರಡು ಬೆರಳಿಟ್ಟು ನೋಡಿದರು. "ಮೇಡಂ, ನೀವು ಸೊಂಟದಿಂದ ಒತ್ತುತ್ತಿದ್ದೀರಿ. ಈ ಜಾಗ ಮೆತ್ತಗೇ ಇದೆ. ಇಲ್ಲಿ ಗಟ್ಟಿ ಆಗಬೇಕು." ನನ್ನ ಬೆರಳನ್ನೇ ಹಿಡಿದು ಅಲ್ಲಿ ಇಡಿಸಿದರು. ನಾಲ್ಕನೇ ಸಲಕ್ಕೆ ಬೆರಳ ಕೆಳಗೆ ಮಾಂಸ ನಿಂಬೆಹಣ್ಣಿನ ಹಾಗೆ ಗಟ್ಟಿಯಾಗಿ ಎದ್ದಿತು. ನೋವಿರುವ ಮಂಡಿ ತನ್ನ ತೊಡೆಯ ಸ್ನಾಯುವನ್ನೇ ಮಲಗಿಸಿಬಿಡುತ್ತದಂತೆ. ಸ್ನಾಯು ಸೋತಾಗ ಭಾರವೆಲ್ಲ ಕೀಲಿಗೆ, ಕೀಲು ಮತ್ತಷ್ಟು ನೋಯುತ್ತೆ.

ಚೀಟಿಗೆ ಹತ್ತು ರೂಪಾಯಿ. ಬಸ್ ನಮಗೆ ಉಚಿತ. ಕಾಯಬೇಕು, ಒಂದು ದಿನ ಎರಡೂವರೆ ಗಂಟೆ ಕಾದೆ. ಇಬ್ಬರು ಫಿಸಿಯೋ, ಹೊರಗೆ ಮೂವತ್ತು ಜನ. ನನಗೆ ಸಿಗುತ್ತಿದ್ದದ್ದು ಹದಿನೈದು ನಿಮಿಷ. ಆದರೆ ಆ ಹದಿನೈದೂ ನಿಮಿಷ ನನ್ನ ಕಾಲಿನ ಮೇಲೇ ಕಣ್ಣು. ವಾರಕ್ಕೊಂದು ಅರ್ಧ ರಜೆಯಂತೆ ಎಂಟು ವಾರ ಹೋದೆ. ಪ್ರತಿ ವಾರ ಒಂದು ವ್ಯಾಯಾಮ ಕಠಿಣ ಮಾಡಿ ಕಳಿಸುತ್ತಿದ್ದರು. ಒಂದು ಕಿಲೋ ಮರಳನ್ನು ಹಳೇ ಕಾಲುಚೀಲಕ್ಕೆ ತುಂಬಿ, ಹೊಲಿದು, ಪಾದದ ಮೇಲ್ಗಡೆ ಕಟ್ಟಿಕೊಂಡು ಮನೆಯಲ್ಲಿ ದಿನಾ ಮಾಡಿದೆ. ಎಂಟನೇ ವಾರ ಕುರ್ಚಿ ಲೆಕ್ಕ 13.

ಇದರಲ್ಲಿ ಬೆಂಗಳೂರಿನ ಹುಡುಗನ ಪಾಲೂ ಇದೆ. ಅವನು ಮನೆ ಸರಿಮಾಡದಿದ್ದರೆ ಇಲ್ಲಿ ಇಷ್ಟು ಬೇಗ ಏರುತ್ತಿರಲಿಲ್ಲ. ಹಣ ಇದ್ದರೆ ನನ್ನ ಸಲಹೆ ಹೀಗೆ: ಮನೆಗೆ ಬರುವವರನ್ನು ಎರಡೇ ಸಲ ಕರೆಸಿ, ಮನೆ ತೋರಿಸಿ. ಉಳಿದದ್ದಕ್ಕೆ ಜಿಲ್ಲಾಸ್ಪತ್ರೆ. ವಯಸ್ಸಾದವರಿಗೆ, ಬಸ್ ಹತ್ತಲಾಗದವರಿಗೆ ಮಾತ್ರ ಮನೆಗೆ ಬರುವವರೇ ಸರಿ. ಖಾಸಗಿ ಕ್ಲಿನಿಕ್‌ಗೇ ಹೋಗೋದಾದರೆ ಮೊದಲ ದಿನವೇ ಕೇಳಿ, "ವ್ಯಾಯಾಮ ಎಷ್ಟು ಹೊತ್ತು ಮಾಡಿಸ್ತೀರಿ?" ಓದಿದ್ದು ಬಿಪಿಟಿ (ಫಿಸಿಯೋಥೆರಪಿ ಪದವಿ) ಹೌದಾ ಅಂತಲೂ ಕೇಳಿ, ಅದರಲ್ಲಿ ಸಂಕೋಚ ಬೇಡ. ಆರೋಗ್ಯ ವೃತ್ತಿಪರರ ಓದು, ನೋಂದಣಿಗೆ ನಿಯಮ ಹಾಕುವ 2021ರ ಕೇಂದ್ರ ಕಾಯ್ದೆ ಫಿಸಿಯೋಥೆರಪಿಯನ್ನೂ ತನ್ನ ವ್ಯಾಪ್ತಿಗೆ ತಂದಿದೆ. ವಿಡಿಯೋ ಬೇಕಾದರೆ ಕಲಿತದ್ದನ್ನು ನೆನಪಿಸಿಕೊಳ್ಳೋಕೆ ಬಳಸಿ.

ಮಂಡಿ ನೋವಿನಿಂದ ಯಾರೂ ಸಾಯೋದಿಲ್ಲ ಅಂತ ಜನ ಅದನ್ನು ಹಗುರ ಮಾಡುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2019ರಲ್ಲಿ ಜಗತ್ತಿನಾದ್ಯಂತ ಕೀಲು ಸವೆತ ಇದ್ದವರು ಸುಮಾರು 52.8 ಕೋಟಿ. ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸು ನಡಿಗೆಯಂಥ ಚಟುವಟಿಕೆ ಮಾಡಿ ಅಂತ ಅದೇ ಸಂಸ್ಥೆ ಹೇಳುತ್ತೆ. ನೋಯುವ ಮಂಡಿ ಇಟ್ಟುಕೊಂಡು ಹೇಗೆ ನಡೆಯೋದು? ನಾನು ವಾಕಿಂಗ್ ಬಿಟ್ಟ ಆರು ತಿಂಗಳಲ್ಲಿ ತೂಕ 5 ಕಿಲೋ ಏರಿತ್ತು, ಶುಗರ್ ಗಡಿಗೆ ಬಂದಿತ್ತು. ಈಗ ಮತ್ತೆ ಕೆರೆ ಏರಿ ಮೇಲೆ ಅರ್ಧ ಗಂಟೆ ನಡೆಯುತ್ತೇನೆ. ಮಾತ್ರೆ ಹಾಕದೆಯೇ ಶುಗರ್ ಇಳಿದಿದೆ. ಅದಕ್ಕೇ ಹೇಳೋದು, ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲೂ ಅಂಥದ್ದೊಂದು ಕೋಣೆ, ಒಬ್ಬ ಫಿಸಿಯೋ ಬೇಕೇಬೇಕು. 40 ಕಿಲೋಮೀಟರ್ ಹೋಗಲಾರದೆ ಮನೆಯಲ್ಲೇ ಕೂತವರು ನನ್ನ ಬೀದಿಯಲ್ಲೇ ಆರು ಜನ ಇದ್ದಾರೆ.

ಅವರಲ್ಲಿ ಇಬ್ಬರನ್ನು ಈ ಗುರುವಾರ ನಾನೇ ಕರೆದುಕೊಂಡು ಹೋಗುತ್ತಿದ್ದೇನೆ. ಎಂಟು ಗಂಟೆ ಬಸ್ಸಿಗೆ ಬನ್ನಿ, ಎಕ್ಸ್‌ರೇ ಮರೆಯಬೇಡಿ, ಸೀರೆ ಬೇಡ, ಮಂಡಿ ತನಕ ಏರಿಸೋಕೆ ಬರುವ ಸಡಿಲವಾದ ಚೂಡಿದಾರ ಹಾಕಿಕೊಳ್ಳಿ ಅಂತ ಹೇಳಿದ್ದೇನೆ.